ಬಿಟ್ಟಿ ಕರೆಂಟಿನ ಕಾಲದಲ್ಲಿ ಸ್ವಂತ ದೀಪ ಯಾಕೆ?

2025ರ ಜುಲೈ. ಮೂರು ದಿನದಿಂದ ಬಿಡದೆ ಗಾಳಿಮಳೆ. ಸಂಜೆ ಹೊತ್ತಿಗೆ ಕೆಳಗಿನ ಮನೆಯ ಭಾವ ಕೊಡೆ ಹಿಡಿದುಕೊಂಡು ಏರು ಹತ್ತಿ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ಮೂರು ಮೊಬೈಲ್ ತೆಗೆದು ಜಗಲಿಯ ಮೇಲಿಟ್ಟರು.

"ಚಾರ್ಜಿಗೆ ಹಾಕಿ ಭಾವ. ಮಾಡಿನ ಮೇಲೆ ಮೂರು ಕಿಲೋವಾಟ್ ಕೂರಿಸಿಕೊಂಡು ನಿಮ್ಮಲ್ಲಿಗೆ ಬರಬೇಕಾಯ್ತು ನೋಡಿ" ಅಂತ ನಕ್ಕರು. ನಗುವಿನಲ್ಲಿ ಬೇಸರವೂ ಇತ್ತು.

ಅವರ ಮನೆಗೆ ಲೈನ್ ಇದೆ. ಮಾಡಿನ ಮೇಲೆ ಸೋಲಾರ್ ಇದೆ. ತಿಂಗಳ ಬಿಲ್ಲು ಸೊನ್ನೆ. ನಮ್ಮ ಮನೆಗೆ ಲೈನೇ ಇಲ್ಲ. ಕಾಡಿನೊಳಗೆ ಕಂಬ ಹಾಕಿ ತರಬೇಕಾದ ದೂರ. ತಂದರೂ ಆ ತಂತಿಯ ಮೇಲೆ ಮರ ಬೀಳದ ವಾರ ಇರದು. ಆದರೆ ಆ ಮೂರು ದಿನವೂ ನಮ್ಮಲ್ಲಿ ದೀಪ ಉರಿದಿತ್ತು, ಮಿಕ್ಸಿ ತಿರುಗಿತ್ತು, ಬಚ್ಚಲ ಹಂಡೆಯ ನೀರೂ ಬೆಚ್ಚಗಿತ್ತು.

ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಾವು ಇಲ್ಲಿಗೆ ಬರುವ ಮುಂಚೆ ಸಾಕಷ್ಟು ದುಡ್ಡು ಹಾಳು ಮಾಡಿದ್ದೇವೆ. ಅದನ್ನೂ ಹೇಳುತ್ತೇನೆ. ಈಗ ಊರೂರಲ್ಲಿ ಮಾಡಿನ ಮೇಲೆ ಪ್ಯಾನೆಲ್ ಏರುತ್ತಿರುವ ಹೊತ್ತಿಗೆ ನಾವು ಕೃಷಿಕರು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು ಎಂಬುದಷ್ಟೇ ನನ್ನ ಉದ್ದೇಶ: ಸೋಲಾರ್ ಇರುವುದು ಬೇರೆ, ಸ್ವಂತ ಕರೆಂಟು ಇರುವುದು ಬೇರೆ.

ಬಿಸಿಲಿದ್ದರೂ ಕತ್ತಲೆ!

ಭಾವನ ಮನೆಯದು ಲೈನಿಗೆ ಜೋಡಿಸಿದ ಘಟಕ. 2024ರ ಫೆಬ್ರವರಿಯಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಸಹಾಯಧನ ಸಿಗುವುದು ಇಂಥದ್ದಕ್ಕೆ. ಮೂರು ಕಿಲೋವಾಟಿಗೆ 78,000 ರೂಪಾಯಿ. ಹಗಲು ಉತ್ಪತ್ತಿಯಾದದ್ದು ಮನೆಗೆ, ಉಳಿದದ್ದು ಲೈನಿಗೆ. ರಾತ್ರಿ ಲೈನಿನಿಂದ ವಾಪಸು. ಲೆಕ್ಕ ಮೀಟರಿನಲ್ಲಿ. ಬ್ಯಾಟರಿಯ ರಗಳೆ ಇಲ್ಲ. ಒಳ್ಳೆಯ ವ್ಯವಸ್ಥೆಯೇ.

ಆದರೆ ಲೈನ್ ಹೋದ ಕೂಡಲೇ ಈ ಇನ್ವರ್ಟರ್ ತಾನೂ ಬಂದ್ ಆಗುತ್ತದೆ. ಹಾಗೆಯೇ ಆಗಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ಲೈನಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಹೊಡೆದೀತು. ಹಾಗಾಗಿ ಮಳೆ ನಿಂತು ನಾಲ್ಕನೇ ದಿನ ಚುರುಕು ಬಿಸಿಲು ಬಂದರೂ, ತಂತಿ ಜೋಡಣೆ ಆಗುವವರೆಗೆ ಭಾವನ ಮನೆ ಕತ್ತಲೆಯೇ. ಇದನ್ನು ಕೂರಿಸಿದವರು ಅವರಿಗೆ ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ.

ಪೇಟೆಯಲ್ಲಿ ಕರೆಂಟು ಹೋದರೆ ಒಂದೆರಡು ಗಂಟೆ. ಘಟ್ಟದ ಬುಡದಲ್ಲಿ ಹೋದರೆ ನಾಲ್ಕು ದಿನ, ಕೆಲವೊಮ್ಮೆ ವಾರ. ಇಬ್ಬರಿಗೂ ಒಂದೇ ಮದ್ದು ಹೇಗೆ ಆದೀತು?

ನಾವು ಎಡವಿದ ಬಗೆ

ನಮ್ಮ ಮನೆಗೆ ಮೊದಲ ಸೋಲಾರ್ ಬಂದದ್ದು 1999ರಲ್ಲಿ. ನಾಲ್ಕು ದೀಪ, ಒಂದು ಬ್ಯಾಟರಿ. ಚಿಮಿಣಿ ದೀಪದ ಮಸಿ ಉಜ್ಜಿ ಸಾಕಾಗಿದ್ದ ಅಮ್ಮನಿಗೆ ಅದು ದೇವರ ದೀಪದ ಹಾಗೆ ಕಂಡಿತ್ತು. ಆರು ತಿಂಗಳಿಗೆ ನಾವು ಅದಕ್ಕೇ ಟಿ.ವಿ. ಜೋಡಿಸಿದೆವು. ಮತ್ತೊಂದು ಮಳೆಗಾಲಕ್ಕೆ ಫ್ಯಾನ್. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಬೇಕೆಂದು ಯಾರೋ ಹೇಳಿದ್ದು ಮರೆತೇ ಹೋಯಿತು. ಎರಡು ವರ್ಷಕ್ಕೆ ಬ್ಯಾಟರಿ ಸತ್ತಿತು. "ಸೋಲಾರ್ ಅಂದ್ರೆ ಇಷ್ಟೇ" ಅಂತ ನಾವೂ ಊರಿಡೀ ಹೇಳಿಕೊಂಡು ಬಂದೆವು. ಸತ್ತದ್ದು ಸೋಲಾರ್ ಅಲ್ಲ, ನಮ್ಮ ಲೆಕ್ಕ. ಆ ಪ್ಯಾನೆಲ್ ಈಗಲೂ ಹಟ್ಟಿಯ ದೀಪಕ್ಕೆ ಕರೆಂಟು ಕೊಡುತ್ತಿದೆ.

ಎರಡನೇ ಎಡವಟ್ಟು ತೋಡಿನ ನೀರಿನದು. 2006ರಲ್ಲಿ ಸಣ್ಣ ಟರ್ಬೈನ್ ಕೂರಿಸಿದೆವು. ಖರ್ಚು ಉಳಿಸಲು ಎರಡಿಂಚಿನ ಪೈಪು ಹಾಕಿದೆವು. ಬಾಯಿಗೆ ಜಾಲರಿಯ ಬದಲು ಹಳೆಯ ಗೋಣಿಯ ತುಂಡು. ಫಲವಾಗಿ ಕರೆಂಟು ಹೇಳಿದ್ದರ ಕಾಲುಭಾಗವೂ ಇಲ್ಲ. ಆಟಿ ತಿಂಗಳ ಮಧ್ಯರಾತ್ರಿ ಹಲಸಿನ ಎಲೆ ಬಂದು ನಾಝಲ್‌ಗೆ ಸಿಕ್ಕಿ ದೀಪ ಆರುವುದು, ನಾನು ಟಾರ್ಚು ಹಿಡಿದು ಜಿಗಣೆ ಕಚ್ಚಿಸಿಕೊಳ್ಳುತ್ತಾ ತೋಡಿಗೆ ಇಳಿಯುವುದು. ಮನೆಯಾಕೆ ಒಂದು ದಿನ ಹೇಳಿದಳು: "ನಿಮ್ಮ ಕರೆಂಟಿಗೆ ನೀವು ಜೀವ ಕೊಡುವುದಕ್ಕಿಂತ ಚಿಮಿಣಿಯೇ ಆದೀತು."

ಈ ಎರಡು ಎಡವಟ್ಟಿನಿಂದ ಕಲಿತದ್ದೇ ಮುಂದಿನ ಮಾತು.

ಲೆಕ್ಕ ಮೊದಲು, ಪ್ಯಾನೆಲ್ ಆಮೇಲೆ

ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ: "ಎಷ್ಟು ಕಿಲೋವಾಟ್ ಹಾಕಿದರೆ ಸಾಕು?" ಇದು ತಪ್ಪು ತುದಿಯಿಂದ ಹಗ್ಗ ಹಿಡಿದ ಹಾಗೆ. ಹಟ್ಟಿ ಕಟ್ಟುವ ಮುಂಚೆ ದನ ಎಷ್ಟು ಅಂತ ನೋಡುವುದಿಲ್ಲವೇ? ಒಂದು ಚೀಟಿ ತೆಗೆದುಕೊಂಡು ಮನೆಯ ಒಂದು ದಿನದ ಲೆಕ್ಕ ಬರೆಯಿರಿ. ನಮ್ಮ ಚೀಟಿ ಹೀಗಿದೆ:

9 ವಾಟಿನ ಎಲ್‌ಇಡಿ 8, ದಿನಕ್ಕೆ 4 ಗಂಟೆ - 288 ವಾಟ್ ಅವರ್
30 ವಾಟಿನ ಬಿಎಲ್‌ಡಿಸಿ ಫ್ಯಾನ್ 3, 8 ಗಂಟೆ - 720
ಟಿ.ವಿ. 50 ವಾಟ್, 3 ಗಂಟೆ - 150
ಮಿಕ್ಸಿ 600 ವಾಟ್, ಕಾಲು ಗಂಟೆ - 150
ಗ್ರೈಂಡರ್ 200 ವಾಟ್, ಅರ್ಧ ಗಂಟೆ - 100
ಇಂಟರ್‌ನೆಟ್ ಪೆಟ್ಟಿಗೆ ಮತ್ತು ಮೊಬೈಲ್ - 270

ಒಟ್ಟು 1,678. ಸಾವಿರ ವಾಟ್ ಅವರ್ ಅಂದರೆ ಒಂದು ಯೂನಿಟ್, ಹಾಗಾಗಿ 1.7 ಯೂನಿಟ್ ಹತ್ತಿರ. ಸಣ್ಣ ಫ್ರಿಜ್ ಸೇರಿಸಿದರೆ ಮತ್ತೊಂದು ಯೂನಿಟ್ ಹಿಡಿಯಬಹುದು. ಒಟ್ಟು 2.7.

ಈಗ ಇದೇ ಮನೆಯಲ್ಲಿ ಹಳೆಯ 60 ವಾಟಿನ ಬಲ್ಬು, 75 ವಾಟಿನ ಹಳೆಯ ಫ್ಯಾನ್ ಇದ್ದರೆ? ಬಲ್ಬಿಗೇ 1.9 ಯೂನಿಟ್, ಫ್ಯಾನಿಗೆ 1.8. ಫ್ರಿಜ್ ಸೇರಿ ಒಟ್ಟು 5.4. ಸರಿಯಾಗಿ ಎರಡು ಪಟ್ಟು. ಅಂದರೆ ಬಲ್ಬು, ಫ್ಯಾನು ಬದಲಿಸುವ ಸಣ್ಣ ಖರ್ಚಿನಲ್ಲಿ ಪ್ಯಾನೆಲ್, ಬ್ಯಾಟರಿಗಳ ದೊಡ್ಡ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಉಳಿಸಿದ ಯೂನಿಟ್ಟಿಗಿಂತ ಅಗ್ಗದ ಯೂನಿಟ್ ಯಾವ ಯಂತ್ರವೂ ಮಾಡಿ ಕೊಡದು.

ಬೆಂಕಿಯ ಕೆಲಸ ಕರೆಂಟಿಗೆ ಬೇಡ

ಚೀಟಿಯಲ್ಲಿ ಇಸ್ತ್ರಿಪೆಟ್ಟಿಗೆ, ಗೀಸರ್, ಇಂಡಕ್ಷನ್ ಒಲೆ ಇಲ್ಲ, ಗಮನಿಸಿ. 2,000 ವಾಟಿನ ಇಂಡಕ್ಷನ್ ಒಲೆ ಪೂರ್ಣ ಉರಿಯಲ್ಲಿ ಒಂದು ಗಂಟೆ ಇಟ್ಟರೆ 2 ಯೂನಿಟ್. ನಮ್ಮ ಮನೆಯ ಇಡೀ ದಿನದ ದೀಪ, ಫ್ಯಾನು, ಮಿಕ್ಸಿಗಿಂತ ಹೆಚ್ಚು! ನೂರು ಲೀಟರ್ ಸ್ನಾನದ ನೀರನ್ನು 25 ಡಿಗ್ರಿಯಿಂದ 45ಕ್ಕೆ ಕಾಯಿಸಲು 2.3 ಯೂನಿಟ್. ಬ್ಯಾಟರಿಯಲ್ಲಿ ಕಷ್ಟಪಟ್ಟು ತುಂಬಿಸಿದ ಕರೆಂಟನ್ನು ಹಂಡೆಗೆ ಹಾಕುವುದೆಂದರೆ ತುಪ್ಪದಲ್ಲಿ ಕಾಲು ತೊಳೆದ ಹಾಗೆ.

ಬೆಂಕಿ ಬೇಕಾದಲ್ಲಿ ಬೆಂಕಿಯನ್ನೇ ಉಪಯೋಗಿಸಬೇಕು. ಅದು ನಮ್ಮಲ್ಲಿ ಧಾರಾಳ ಇದೆ. ಅಡುಗೆಗೆ ಗೋಬರ್ ಗ್ಯಾಸ್. ದಿನಕ್ಕೆ 50 ಕಿಲೋ ಸೆಗಣಿ ಹಾಕಿದರೆ ಸುಮಾರು ಎರಡು ಘನಮೀಟರ್ ಗ್ಯಾಸ್. ನಾಲ್ಕೈದು ಜನರ ಅಡುಗೆಗೆ ಸಾಕು. ತಿಂಗಳಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎರಡು ಸಿಲಿಂಡರ್ ಆದೀತು. ಮಲೆನಾಡು ಗಿಡ್ಡ ಸಾಕುವವರಿಗೆ ಮೇಯಲು ಬಿಟ್ಟ ದನದ ಸೆಗಣಿ ಗುಡ್ಡೆಗೇ ಹೋಗುತ್ತದೆ, ಹಟ್ಟಿಯಲ್ಲಿ ಬಿದ್ದದ್ದಷ್ಟೇ ಲೆಕ್ಕಕ್ಕೆ. ಅಂಥವರು ದೊಡ್ಡ ಗುಂಡಿ ಕಟ್ಟಿ ಹಸಿವಿನಲ್ಲಿ ಇಡುವುದಕ್ಕಿಂತ ಸಣ್ಣದು ಕಟ್ಟಿ ಹೊಟ್ಟೆ ತುಂಬಿಸುವುದು ಮೇಲು. ಹಿಂದೆ ತೇಲುವ ಕಬ್ಬಿಣದ ಡ್ರಮ್ಮಿನವು ನಮ್ಮ ಹವೆಗೆ ತುಕ್ಕು ಹಿಡಿದು ತೂತಾಗುತ್ತಿದ್ದವು. 1984ರಲ್ಲಿ ಬಂದ ದೀನಬಂಧು ಮಾದರಿ ನೆಲದೊಳಗೇ ಗುಮ್ಮಟ ಕಟ್ಟುವಂಥದ್ದು. ಡ್ರಮ್ಮಿನ ಕಿರಿಕಿರಿ ಇಲ್ಲ, ಆದರೆ ಗಾರೆ ಕೆಲಸ ಗೊತ್ತಿರುವವರೇ ಕಟ್ಟಬೇಕು. ಬಿರುಕು ಬಿಟ್ಟರೆ ಗ್ಯಾಸ್ ನಿಲ್ಲದು. ಸ್ಲರಿ ತೋಟಕ್ಕೆ ಹೋಗುವುದು ಬೋನಸ್ ಅಲ್ಲ, ನನ್ನ ಪ್ರಕಾರ ಅದೇ ಮುಖ್ಯ ಉತ್ಪನ್ನ.

ಸ್ನಾನದ ನೀರಿಗೆ ಅಡಿಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಹಳ್ಳಿಯ ಒಲೆಯನ್ನು ತಿದ್ದಿ ಅಸ್ತ್ರ ಒಲೆ ಮಾಡಿಕೊಟ್ಟರು. ಉರಿ ಪಾತ್ರೆಗೆ ಸರಿಯಾಗಿ ತಾಗುವಂತೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವಂತೆ ಕಟ್ಟಿದ ಒಲೆ. ಕಟ್ಟಿಗೆ ಉಳಿತಾಯದಷ್ಟೇ ಮುಖ್ಯ ಹೆಂಗಸರ ಕಣ್ಣು, ಎದೆಯ ಉಳಿತಾಯ.

ಅಡುಗೆಯನ್ನೂ ಸ್ನಾನವನ್ನೂ ಕರೆಂಟಿನ ಲೆಕ್ಕದಿಂದ ಹೊರಗೆ ತೆಗೆದರೆ ಲೈನ್ ಇಲ್ಲದ ಮನೆ ಕಷ್ಟದ್ದೇ ಅಲ್ಲ. ಒಳಗೆ ಸೇರಿಸಿದರೆ ಶ್ರೀಮಂತರಿಗೆ ಮಾತ್ರ ಸಾಧ್ಯ.

ಬೇಸಗೆಗೆ ಬಿಸಿಲು, ಮಳೆಗಾಲಕ್ಕೆ ತೋಡು

ಒಂದು ಕಿಲೋವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಬ್ಯಾಟರಿಗೆ ಹೋಗಿ ಬರುವಾಗ ಸ್ವಲ್ಪ ಸೋರಿಕೆ ಇದ್ದರೂ ನಮ್ಮ 2.7 ಯೂನಿಟ್ಟಿಗೆ ಅದು ಸಾಕು. ಆದರೆ ಜುಲೈಯ ಕಾರ್ಮೋಡದಲ್ಲಿ ಕೆಲವು ದಿನ ಒಂದು ಯೂನಿಟ್ಟೂ ಸಿಗದು. ಮಾರಾಟ ಮಾಡುವವರು ಹೇಳುವುದು ವರ್ಷದ ಸರಾಸರಿ. ಸರಾಸರಿಯಲ್ಲಿ ರಾತ್ರಿ ದೀಪ ಉರಿಯುವುದಿಲ್ಲ. ಅತ್ಯಂತ ಕೆಟ್ಟ ವಾರದಲ್ಲಿ ಏನು ಗತಿ ಅಂತ ನೋಡಬೇಕು.

ನಮ್ಮ ಭಾಗ್ಯವೆಂದರೆ ಮೋಡ ಸೂರ್ಯನನ್ನು ಮುಚ್ಚುವ ಹೊತ್ತಿಗೇ ತೋಡು ತುಂಬುತ್ತದೆ. ಘಟ್ಟದ ಬುಡದಲ್ಲಿ ಇಂಥ ತೋಡು ಎಷ್ಟು ಮನೆಗಳ ಹಿಂದೆ ಸುಮ್ಮನೆ ಹರಿಯುತ್ತಿಲ್ಲ!

ಲೆಕ್ಕ ಸುಲಭ. ನೀರು ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ - ಎರಡನ್ನು ಗುಣಿಸಿ, ಮತ್ತೆ 9.8ರಿಂದ ಗುಣಿಸಿ. ಸಿಕ್ಕಿದ ವಾಟಿನಲ್ಲಿ ಅರ್ಧ ನಿಮ್ಮದು, ಅರ್ಧ ಟರ್ಬೈನ್, ಜನರೇಟರ್, ಪೈಪಿನ ಪಾಲು. ನಮ್ಮಲ್ಲಿ 20 ಮೀಟರ್ ಎತ್ತರ, 5 ಲೀಟರ್ ನೀರು. ಗುಣಿಸಿದರೆ 980, ಕೈಗೆ ಬರುವುದು ಸುಮಾರು 490 ವಾಟ್. ಕಮ್ಮಿ ಅಂತ ಕಾಣಬಹುದು. ಆದರೆ ಇದು ಹಗಲು ರಾತ್ರಿ 24 ಗಂಟೆ ನಿಲ್ಲದೆ ಬರುವಂಥದ್ದು. ದಿನಕ್ಕೆ ಹನ್ನೊಂದು ಯೂನಿಟ್ ಮೇಲೆ! ಅಷ್ಟನ್ನು ಬಿಸಿಲಿನಿಂದ ತೆಗೆಯಲು ಒಳ್ಳೆಯ ಬೇಸಗೆಯಲ್ಲೂ ಮೂರು ಕಿಲೋವಾಟ್ ಬೇಕು.

ಅಳೆಯಲು ಯಾವ ಎಂಜಿನಿಯರೂ ಬೇಡ. ತೋಡಿನ ನೀರನ್ನು ಕಂಗಿನ ದಂಬೆಗೆ ತಿರುಗಿಸಿ 20 ಲೀಟರ್ ಡಬ್ಬಿಗೆ ಹಿಡಿಯಿರಿ. ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಐದು ಲೀಟರ್. ಎತ್ತರಕ್ಕೆ ಮೇಸ್ತ್ರಿಗಳ ನೀರಿನ ಟ್ಯೂಬು. ಅಳೆಯುವುದು ಸುರಿಯುವ ಮಳೆಯಲ್ಲಿ ಅಲ್ಲ. ಮಳೆ ಬಿಟ್ಟು ತೋಡು ಸಣ್ಣಗಾದ ಮೇಲೆ.

ಪೈಪಿನ ವಿಷಯದಲ್ಲಿ ನನ್ನಂತೆ ಜುಗ್ಗತನ ಮಾಡಬೇಡಿ. ಸೆಕೆಂಡಿಗೆ ಐದು ಲೀಟರ್ ನೀರು ನೂರು ಮೀಟರ್ ಉದ್ದದ ಎರಡಿಂಚಿನ ಪೈಪಿನಲ್ಲಿ ಹೋದರೆ ತಿಕ್ಕಾಟದಲ್ಲೇ ಹತ್ತು ಮೀಟರಿನಷ್ಟು ಎತ್ತರ ನಷ್ಟ. ನಮ್ಮ ಇಪ್ಪತ್ತರಲ್ಲಿ ಅರ್ಧ ಅಲ್ಲೇ ಹೋಗಿತ್ತು! ನಾಲ್ಕಿಂಚಿನಲ್ಲಿ ಅರ್ಧ ಮೀಟರೂ ನಷ್ಟವಿಲ್ಲ. ಬಾಯಿಗೆ ಹೂಳು ನಿಲ್ಲುವ ಸಣ್ಣ ತೊಟ್ಟಿ, ಓರೆಯಾಗಿ ನಿಂತ ಸ್ಟೀಲ್ ಜಾಲರಿ. ಎಲೆ ಜಾಲರಿಯ ಮೇಲಿಂದ ಜಾರಿ ಹೋಗುತ್ತದೆ, ನೀರು ಮಾತ್ರ ಒಳಗೆ. ಇಷ್ಟು ಮಾಡಿದ ಮೇಲೆ ನನ್ನ ಮಧ್ಯರಾತ್ರಿಯ ಜಿಗಣೆ ಸೇವೆ ನಿಂತಿದೆ.

ಇನ್ನೊಂದು. ಟರ್ಬೈನ್ ನಿರಂತರ ತಿರುಗುತ್ತದೆ, ಮನೆಯ ಬಳಕೆ ಏರಿಳಿಯುತ್ತದೆ. ಬಳಕೆ ಕಮ್ಮಿಯಾದಾಗ ಜನರೇಟರ್ ಓಟ ಕಿತ್ತು ವೋಲ್ಟೇಜ್ ಏರಿ ಬಲ್ಬು ಸುಟ್ಟೀತು. ಇದಕ್ಕೆ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಬೇಕು. ಹೆಚ್ಚಾದ ಕರೆಂಟನ್ನು ಅದು ಬೇರೆ ಕಡೆಗೆ ತಿರುಗಿಸುತ್ತದೆ. ನಾವು ತಿರುಗಿಸಿದ್ದು ಬಚ್ಚಲ ಹಂಡೆಯ ಕಾಯಿಲಿಗೆ. ಕರೆಂಟಿನಲ್ಲಿ ನೀರು ಕಾಯಿಸಬೇಡಿ ಅಂತ ಈಗಷ್ಟೇ ಹೇಳಿದೆ. ಇದು ಉಳಿಸಿಡಲಾಗದೆ ಹಾಳಾಗುವ ಕರೆಂಟು. ಇದಕ್ಕೆ ಮಾತ್ರ ಆ ಮಾತು ಅನ್ವಯಿಸದು.

ಜೂನಿನಿಂದ ಡಿಸೆಂಬರ್‌ವರೆಗೆ ತೋಡು, ಜನವರಿಯಿಂದ ಮೇ ತನಕ ಬಿಸಿಲು. ಟರ್ಬೈನಿನಿಂದ ಬಂದ ನೀರು ಎಲ್ಲೂ ಖರ್ಚಾಗುವುದಿಲ್ಲ, ಪುನಃ ತೋಡಿಗೇ. ಆದರೂ ಕೆಳಗಿನವರಿಗೆ ಮೊದಲೇ ಹೇಳಿ, ತೋರಿಸಿ ಮಾಡಿದರೆ ಮನಸ್ತಾಪ ಇರದು.

ತೋಡು ಇಲ್ಲದವರು? ಬಯಲು ಸೀಮೆಯವರಿಗೆ ಇಂಥ ಮಳೆಗಾಲವೇ ಇಲ್ಲ, ಹೆಚ್ಚಿನ ದಿನ ಬಿಸಿಲು ಸಾಕಾದೀತು. ಇಲ್ಲಿ ತೋಡು ಇಲ್ಲದವರು ಮಳೆಗಾಲಕ್ಕೆ ಫ್ರಿಜ್ ಬಂದ್ ಮಾಡಿ, ಲೆಕ್ಕವನ್ನು ಒಂದು ಯೂನಿಟ್ಟಿನೊಳಗೆ ತಂದುಕೊಳ್ಳಬೇಕು. ಮಳೆಗಾಲದ ಚಳಿಗೆ ಫ್ಯಾನ್ ಹೇಗೂ ಬೇಡ.

ಪ್ರಾಣಕ್ಕೆ ಸಂಬಂಧಪಟ್ಟ ಮಾತು

ತೋಡಿನಿಂದ ಮನೆಗೆ ಕರೆಂಟು ತರುವಾಗ 12 ವೋಲ್ಟಿನಲ್ಲಿ ತಂದರೆ ದಾರಿಯಲ್ಲೇ ಸೋರುತ್ತದೆ. 490 ವಾಟಿಗೆ 12 ವೋಲ್ಟಿನಲ್ಲಿ ನಲ್ವತ್ತು ಆಂಪಿಯರ್ ಹರಿಯಬೇಕು; 230ರಲ್ಲಿ ಎರಡು ಚಿಲ್ಲರೆ. ಹಾಗಾಗಿ 230ರಲ್ಲೇ ತರಬೇಕು. ಆದರೆ ತೋಟದ ಮಧ್ಯೆ ಕಂಗಿನಿಂದ ಕಂಗಿಗೆ ವಯರ್ ಕಟ್ಟಿ ತರಬೇಡಿ. ಈಗ ಕೊಯ್ಲಿಗೂ ಮದ್ದು ಬಿಡುವುದಕ್ಕೂ ಉದ್ದದ ದೋಟಿ. ಅಲ್ಯೂಮಿನಿಯಂ ದೋಟಿಯಂತೂ ಸರಿ, ಕಾರ್ಬನ್ ಫೈಬರಿನದೂ ಕರೆಂಟು ಹಾಯಿಸುತ್ತದೆ. ಕೆಲಸದವನ ಪ್ರಾಣ ನಮ್ಮ ಉಳಿತಾಯಕ್ಕೆ ಬಲಿಯಾಗಬಾರದು. ನೆಲದಡಿ ಹಾಕುವ ಕೇಬಲ್ಲನ್ನೇ ಹೂಳಬೇಕು. ಎಪ್ರಿಲ್-ಮೇ ತಿಂಗಳ ಸಿಡಿಲಿಗೆ ಅರ್ತಿಂಗ್ ಸರಿಯಾಗಿರಬೇಕು. ಗುಡುಗು ಕೇಳುವ ಮೊದಲೇ ಪ್ಯಾನೆಲ್ಲಿನ ಸ್ವಿಚ್ ತೆಗೆಯುವ ಅಭ್ಯಾಸ ಮನೆಯವರೆಲ್ಲರಿಗೂ ಇರಲಿ.

ಮನೆ ಕಟ್ಟುವಾಗಲೇ ಯೋಚಿಸಿ

ಹೊಸ ಮನೆ ಕಟ್ಟುವವರಿಗೆ ಎರಡು ಮಾತು. ಹಗಲು ದೀಪ ಹಾಕಬೇಕಾದ ಮನೆ ಎಷ್ಟು ಚಂದ ಇದ್ದರೂ ಸೋತ ಮನೆ. ಹಂಚಿನ ಮಾಡಿಗೆ ನಾಲ್ಕು ಗಾಜಿನ ಹಂಚು ಇಟ್ಟರೆ ನಡುಮನೆಯ ಕತ್ತಲೆ ಹೋಯಿತು. ಎತ್ತರದ ಹಂಚಿನ ಮಾಡು, ಸುತ್ತ ಜಗಲಿ, ಕೆಂಪುಕಲ್ಲಿನ ಗೋಡೆ ಇದ್ದರೆ ಫ್ಯಾನಿನ ಗಂಟೆಗಳೂ ಕಮ್ಮಿ. ಸ್ಲ್ಯಾಬ್ ಹಾಕಿ, ಅದರ ಕಾವಿಗೆ ಮೂರು ಫ್ಯಾನ್ ತಿರುಗಿಸಿ, ಆ ಫ್ಯಾನಿಗೆ ಮತ್ತೆ ಸೋಲಾರ್ ಹಾಕುವುದು ಯಾವ ಬುದ್ಧಿವಂತಿಕೆ?

ನೀರಿನ ಟಾಂಕಿ ಮನೆಗಿಂತ ಮೇಲಿರಲಿ. ಸುರಂಗದ ನೀರೋ ಗುಡ್ಡೆಯ ಒರತೆಯೋ ತಾನಾಗಿ ಇಳಿದು ಬಂದರೆ ಮನೆಬಳಕೆಗೆ ಪಂಪೇ ಬೇಡ. ನಮ್ಮ ಹಿರಿಯರು ಸುರಂಗ ತೋಡಿ ಮಾಡಿಟ್ಟದ್ದು ಇದನ್ನೇ ಅಲ್ಲವೇ? ಭೂಮಿಯ ಸೆಳೆತಕ್ಕೆ ಬಿಲ್ಲೂ ಇಲ್ಲ, ಬ್ಯಾಟರಿಯೂ ಇಲ್ಲ.

ಪ್ಯಾನೆಲ್ ಎಲ್ಲಿ ಇಡುವುದು? ತೋಟದ ಮನೆಗಳಲ್ಲಿ ದೊಡ್ಡ ಶತ್ರು ನೆರಳು. ಒಂದು ತೆಂಗಿನ ಮಡಲಿನ ನೆರಳು ಒಂದು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಸಾಲಾಗಿ ಜೋಡಿಸಿದ ಉಳಿದ ಪ್ಯಾನೆಲ್‌ಗಳ ಉತ್ಪತ್ತಿಯೂ ಕುಸಿಯಬಹುದು. ಹುಡುಕಿ ತಲೆಬಿಸಿ ಮಾಡುವುದು ಬೇಡ. ಅಡಿಕೆ ಎಲ್ಲಿ ಚೆನ್ನಾಗಿ ಒಣಗುತ್ತದೋ ಆ ಅಂಗಳವೇ ಪ್ಯಾನೆಲ್ಲಿಗೂ ಸರಿ. ಅಂಗಳದ ಬಡಗು ಬದಿಯಲ್ಲಿ ಕಂಬ ಕೊಟ್ಟು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ್ದೇವೆ. ಅದರ ನೆರಳು ಅಡಿಕೆಗೆ ಬೀಳದು. ಒರೆಸಲೂ ಕೈಗೆ ಸಿಗುತ್ತದೆ.

ಬ್ಯಾಟರಿ ಎಂಬ ಬಾಣಂತಿ

ಲೈನ್ ಇಲ್ಲದ ಮನೆಯ ಮರ್ಮಸ್ಥಾನ ಬ್ಯಾಟರಿ. 12 ವೋಲ್ಟ್, 150 ಆಂಪಿಯರ್ ಅವರಿನ ಒಂದು ಸೀಸದ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗುವುದು 0.9. ಎರಡು ಇದ್ದರೆ ನಮ್ಮ ರಾತ್ರಿ ಕಳೆಯುತ್ತದೆ. ತೋಡಿನ ಕರೆಂಟು ಬರುವ ತಿಂಗಳುಗಳಲ್ಲಿ ಬ್ಯಾಟರಿಗೆ ಹೆಚ್ಚು ಕೆಲಸವೇ ಇಲ್ಲ. ಅದರ ಆಯುಷ್ಯವೂ ಅಷ್ಟು ಹೆಚ್ಚಾಯಿತು.

ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಡಿಸ್ಟಿಲ್ಡ್ ನೀರು ಮಾತ್ರ. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಬೇಡ. ಗಾಳಿಯಾಡುವ ಕಡೆ ಇರಲಿ, ಮಲಗುವ ಕೋಣೆಯಲ್ಲಲ್ಲ. ಈಗ ಲಿಥಿಯಂ ಬ್ಯಾಟರಿ ಬಂದಿದೆ. ಮೊದಲ ಖರ್ಚು ಹೆಚ್ಚು, ನೀರು ಹಾಕುವ ಕೆಲಸ ಇಲ್ಲ, ಒಳಗಿನ ಎಂಬತ್ತು ಭಾಗ ಬಳಸಬಹುದು, ಬಾಳಿಕೆಯೂ ಹೆಚ್ಚು. ಮುಂದಿನ ಬದಲಾವಣೆಗೆ ನಾನು ಅದಕ್ಕೇ ದುಡ್ಡು ತೆಗೆದಿಡುತ್ತಿದ್ದೇನೆ. ತೆಗೆದಿಡುವುದು ಅಂದೆ, ಗಮನಿಸಿ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳೀತು, ಸೀಸದ ಬ್ಯಾಟರಿ ಐದಾರು ವರ್ಷ. "ಬಿಸಿಲು ಬಿಟ್ಟಿ" ಎಂಬುದು ಅರ್ಧ ಸತ್ಯ. ಪ್ರತಿ ಅಡಿಕೆ ಮಾರಾಟದಲ್ಲಿ ಬ್ಯಾಟರಿಗೆ ಅಂತ ಸ್ವಲ್ಪ ಎತ್ತಿಡದವನ ಮನೆ ಆರನೇ ವರ್ಷ ಕತ್ತಲೆ.

ಹಾಗಾದರೆ ಲೈನ್ ಬೇಡವೇ?

2023ರ ಜುಲೈಯಿಂದ ರಾಜ್ಯದಲ್ಲಿ ಗೃಹಜ್ಯೋತಿ ಬಂದಿದೆ. 200 ಯೂನಿಟ್ಟಿನೊಳಗೆ ಇರುವ ಮನೆಗಳಿಗೆ, ಹಿಂದಿನ ಬಳಕೆಯ ಸರಾಸರಿಗೆ ತಕ್ಕಂತೆ ಕರೆಂಟು ಬಿಟ್ಟಿ. ಹತ್ತು ಎಚ್.ಪಿ.ಯೊಳಗಿನ ನೀರಾವರಿ ಪಂಪಿಗೆ ಬಿಟ್ಟಿ ಕೊಡುವುದು ಅದಕ್ಕೂ ಮೊದಲಿನದು. "ಇಷ್ಟೆಲ್ಲ ಬಿಟ್ಟಿ ಇರುವಾಗ ನಿನಗೆ ಯಾಕೆ ಈ ತಲೆನೋವು?" ಅಂತ ಕೇಳುವವರಿದ್ದಾರೆ.

ನಾನು ಲೈನಿನ ವಿರೋಧಿ ಅಲ್ಲ. ಮನೆ ಬಾಗಿಲಿಗೆ ಲೈನ್ ಬಂದರೆ ಖಂಡಿತ ತೆಗೆದುಕೊಳ್ಳಿ. ತೋಟಕ್ಕೆ ನೀರು ಹಾಯಿಸುವ ಐದು ಎಚ್.ಪಿ. ಪಂಪನ್ನು ನನ್ನ 490 ವಾಟ್ ತಿರುಗಿಸದು. ಫೆಬ್ರವರಿ ತನಕ ಮೇಲಿನ ಕಟ್ಟದ ನೀರು ಇಳಿದು ಬರುತ್ತದೆ. ಆಮೇಲೆ ನಾನೂ ಡೀಸೆಲ್ ಸುಡುತ್ತೇನೆ. ಇದನ್ನು ಮುಚ್ಚಿಟ್ಟು ಸ್ವಾವಲಂಬನೆಯ ಭಾಷಣ ಮಾಡಲಾರೆ.

ಆದರೆ ಬಿಟ್ಟಿ ಎಂಬುದು ಬೆಲೆಯ ಮಾತು, ಬರುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಬಾರದ ಕರೆಂಟು ಬಿಟ್ಟಿಯಾದರೇನು, ದುಬಾರಿಯಾದರೇನು? ಮಧ್ಯರಾತ್ರಿ ದನ ಕರು ಹಾಕುವಾಗ, ಹಟ್ಟಿಗೆ ಹಾವು ಬಂದಾಗ, ಮನೆಯ ಹಿರಿಯರಿಗೆ ಎದೆನೋವು ಬಂದು ಫೋನ್ ಮಾಡಬೇಕಾದಾಗ ನಮಗೆ ಬೇಕಾದ್ದು ಇನ್ನೂರು ಯೂನಿಟ್ ಅಲ್ಲ. ಒಂದು ದೀಪ, ಒಂದು ಚಾರ್ಜು. ರೇಷನ್ ಸೀಮೆಎಣ್ಣೆ ಮೊದಲಿನಂತೆ ಸಿಗುತ್ತಿದ್ದರೆ ಚಿಮಿಣಿಯಾದರೂ ಇರುತ್ತಿತ್ತು. ಲೈನನ್ನು ನಂಬಿದ ಮನೆಯಲ್ಲಿ ಈಗ ಅದೂ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಲೈನ್ ಇರುವವರು ದೀಪ, ಫ್ಯಾನು, ಚಾರ್ಜು, ಮಿಕ್ಸಿ ಇಷ್ಟನ್ನು ಬೇರೆ ವಯರಿಂಗ್ ಮಾಡಿ ಸಣ್ಣ ಸ್ವಂತ ಘಟಕಕ್ಕೆ ಜೋಡಿಸಿ. ಮಾಡಿನ ಮೇಲೆ ದೊಡ್ಡ ಘಟಕ ಹಾಕುವವರಾದರೆ ಲೈನ್ ಹೋದಾಗಲೂ ನಡೆಯುವ, ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ. "ಲೈನ್ ಹೋದರೆ ನನ್ನ ದೀಪ ಉರಿಯುತ್ತದೋ?" - ದುಡ್ಡು ಕೊಡುವ ಮುಂಚೆ ಈ ಒಂದು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಯೋಜನೆ ಮಾಡುವವರಲ್ಲಿ ಒಂದು ಅಹವಾಲು ಇದೆ. ಈಗಿನ ಸಹಾಯಧನ ಕಿಲೋವಾಟಿಗೆ. ಬ್ಯಾಟರಿಗೆ ಇಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಲೈನ್ ಕಡಿಯುವ ಊರುಗಳಲ್ಲಿ ಮೂರು ಕಿಲೋವಾಟಿಗಿಂತ ಅರ್ಧ ಕಿಲೋವಾಟ್ ಮತ್ತು ಎರಡು ಬ್ಯಾಟರಿ ಹೆಚ್ಚು ಉಪಕಾರಿ. ತೋಡು ಇರುವಲ್ಲಿ ಸಣ್ಣ ಟರ್ಬೈನ್ ಇನ್ನೂ ಉಪಕಾರಿ. ಕೊಡುವ ದುಡ್ಡಿನಲ್ಲೇ ಒಂದು ಪಾಲನ್ನು ಹಾಗೆ ತಿರುಗಿಸಲಿ.

ಅದಕ್ಕಿಂತ ದೊಡ್ಡ ಅಹವಾಲು ನಮ್ಮಲ್ಲೇ. ನಮ್ಮ ಕಡೆ ಪಂಪು ರಿಪೇರಿ ಗೊತ್ತಿರುವ ಹುಡುಗರು ಇದ್ದಾರೆ, ಮೆಷಿನ್ ಕತ್ತಿ ರಿಪೇರಿ ಮಾಡುವವರಿದ್ದಾರೆ. ಕಂಟ್ರೋಲರ್ ನೋಡಿ, ಬ್ಯಾಟರಿ ಪರೀಕ್ಷಿಸಿ ಹೇಳುವವರು ಇಲ್ಲ. ಸಣ್ಣದೊಂದು ಫ್ಯೂಸ್ ಹೋದರೂ ಪೇಟೆಯಿಂದ ಜನ ಬರಬೇಕು, ಬರಲು ಹದಿನೈದು ದಿನ. ನಮ್ಮೂರಲ್ಲಿ ಹೆಚ್ಚಿನ ಸೋಲಾರ್‌ಗಳು ಸತ್ತದ್ದು ಬಿಸಿಲಿಲ್ಲದೆ ಅಲ್ಲ, ಕೇಳುವವರಿಲ್ಲದೆ. ಸೊಸೈಟಿಯೋ ಯುವಕ ಮಂಡಲವೋ ಮುಂದೆ ಬಂದು ಊರಿಗೊಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ಕೆಲಸ ಕಲಿಯಲು ಕಳಿಸಲಿ. ಹತ್ತು ಮನೆಯವರು ವರ್ಷಕ್ಕಿಷ್ಟು ಅಂತ ಕೊಟ್ಟರೆ ಅವರಿಗೂ ಊರಲ್ಲೇ ಒಂದು ಕಸುಬಾಯಿತು.

ಕೆಳಗಿನ ಮನೆಯ ಭಾವ ಆ ದಿನ ಚಾರ್ಜ್ ಆಗುವ ತನಕ ಕೂತಿದ್ದರು. ಚಹಾ ಕುಡಿದು ಹೋಗುವಾಗ "ಆ ನಿಮ್ಮ ಚೀಟಿ ಹೇಗೆ ಬರೆಯುವುದು?" ಅಂತ ಕೇಳಿದರು. ಈಗ ಅವರಲ್ಲಿ ಎರಡು ಬ್ಯಾಟರಿ, ಬೇರೆ ವಯರಿಂಗ್ ಆಗಿದೆ. ಮೊಬೈಲ್ ಹಿಡಿದುಕೊಂಡು ಏರು ಹತ್ತಬೇಕಾಗಿಲ್ಲ. ಚಹಾಕ್ಕೆ ಬಂದರೆ ಸಂತೋಷ.

ನಮ್ಮ ವ್ಯವಸ್ಥೆ ನೋಡಲು ಬರುವವರಿಗೂ ಒಂದು ಮಾತು: ಬೇಸಗೆಯಲ್ಲಿ ಬರಬೇಡಿ. ಬಿಸಿಲಿರುವಾಗ ದೀಪ ತೋರಿಸುವುದು ದೊಡ್ಡ ಸಂಗತಿಯಲ್ಲ. ಆಟಿಯಲ್ಲಿ ಬನ್ನಿ, ಕೊಡೆ ಹಿಡಿದುಕೊಂಡು ಬನ್ನಿ.